ನನ್ನ ಆಯುಷ್ಯದ ನೈಲಾನ್ ಹುರಿ

ನೀರಿನ ದಂಡೆಯ ಮೇಲೊಂದು ಮನೆ ಇರಬೇಕು ಎಂಬ ಆಸೆ ಯಾರಿಗಿರುವುದಿಲ್ಲ ಹೇಳಿ. ನನಗೂ ಇತ್ತು. ಆಸೆ ಕೈಗೂಡಿದ ಮೇಲೆ ತಿಳಿದದ್ದೇನೆಂದರೆ, ಇಂಥ ಮನೆಯಲ್ಲಿ ನೀರನ್ನು ನೋಡುತ್ತ ಕೂರುವುದು ಬಂದ ನೆಂಟರು ಮಾತ್ರ. ಮನೆಯವರು ನೀರಿಗೆ ಬಿದ್ದ ಎಲೆ, ನೀರಿನಿಂದ ಬಂದ ಇಲಿ, ನೀರಿನತ್ತ ವಾಲಿದ ಬೇಲಿ, ಇವುಗಳ ಹಿಂದೆ ಓಡಾಡುತ್ತಿರುತ್ತಾರೆ. ನಾನು ಲಂಡನ್ನಿನ ಹೀಥ್ರೋ ವಿಮಾನ ನಿಲ್ದಾಣದ ಸರಕು ಶೆಡ್ಡಿನಲ್ಲಿ ಕೆಲಸ ಮಾಡುತ್ತಿದ್ದೆ. ಕೆಲಸಕ್ಕೆ ಹತ್ತಿರವಾಗಲಿ ಎಂದು ತೊಂಬತ್ತರ ದಶಕದ ನಡುವೆ ಫೆಲ್ಥಮ್‌ನಲ್ಲಿ ಮನೆ ತೆಗೆದುಕೊಂಡಾಗ, ಹಿತ್ತಲಿನ ಕೊನೆಯಲ್ಲಿ ಹರಿಯುವ ನೀರನ್ನು ಕಂಡು ಮರುಳಾದದ್ದು ನಿಜ. ಧಾರವಾಡದಲ್ಲಿದ್ದ ಅಣ್ಣನಿಗೆ ಫೋನಿನಲ್ಲಿ “ಹಿತ್ತಲದಾಗ ನದಿ ಅದ” ಎಂದು ಹೇಳಿಯೂಬಿಟ್ಟೆ. ಅವನು ಒಮ್ಮೆ ಬಂದು, ದಂಡೆಯ ಮೇಲೆ ಕೈಕಟ್ಟಿ ನಿಂತು, ಬಹಳ ಹೊತ್ತು ನೋಡಿ, “ಇದಕ್ಕ ನಾವು ಹಳ್ಳ ಅಂತೀವಲ್ಲೋ, ಅದೂ ಬ್ಯಾಸಗಿ ಹಳ್ಳ” ಎಂದ. ಅಂದಿನಿಂದ ನಮ್ಮ ಮನೆಯಲ್ಲಿ ಅದು ಹಳ್ಳವೇ ಆಯಿತು.

ಆ ಹಳ್ಳದ ದಂಡೆಯ ಮೇಲೆ ಒಂದು ವಿಲ್ಲೋ ಮರ. ಕ್ರಿಕೆಟ್ ಬ್ಯಾಟು ಮಾಡುತ್ತಾರಲ್ಲ, ಆ ಮರದ ದಾಯಾದಿ. ಅದರ ಸಣ್ಣ ರೆಂಬೆಗಳೆಲ್ಲ ನೆಟ್ಟಗೆ ಕೆಳಗಿಳಿದು ನೀರನ್ನು ಮುಟ್ಟುತ್ತವೆ. ಮನೆ ನೋಡಲು ಬಂದ ದಿನ ನಾನು ಅಡುಗೆಮನೆಯ ನಲ್ಲಿಗಳನ್ನು ತಿರುಗಿಸಿ ಪರೀಕ್ಷಿಸುತ್ತಿದ್ದರೆ, ನನ್ನ ಹೆಂಡತಿ ಶಾಂತಾ ಹಿತ್ತಲಿಗೆ ಹೋದವಳು ಅಲ್ಲಿಂದಲೇ ಕೂಗಿದಳು, “ಏನ್ರೀ, ಇಲ್ಲಿ ಬರ್ರಿ! ಈ ಗಿಡ ನೋಡ್ರಿ, ಬಿಳಲು ಬಿಟ್ಟದ!” ನಮ್ಮ ಕಡೆ ಎಷ್ಟು ದೊಡ್ಡ ಮರವಾದರೂ ಅದು ಗಿಡವೇ. ಅವಳು ಯಾಕೆ ಅಷ್ಟು ಹಿಗ್ಗಿದಳು ಎಂಬುದು ನನಗೆ ಆಮೇಲೆ ಹೊಳೆಯಿತು. ಲಂಡನ್ನಿಗೆ ಬಂದಾಗಿನಿಂದ ಅವಳಿಗೊಂದು ಕೊರಗಿತ್ತು. ಜ್ಯೇಷ್ಠದ ಹುಣ್ಣಿಮೆಗೆ ವಟಸಾವಿತ್ರಿ ವ್ರತ ಮಾಡಿ, ಆಲದ ಮರಕ್ಕೆ ದಾರ ಸುತ್ತಿ, ಗಂಡನ ಆಯುಷ್ಯ ಬೇಡಿಕೊಳ್ಳಬೇಕು. ಆಲದ ಮರ ಎಲ್ಲಿಂದ ತರುವುದು? ಒಂದು ವರ್ಷ ಕುಂಡದಲ್ಲಿನ ಯಾವುದೋ ಗಿಡಕ್ಕೆ ಸುತ್ತಿದಳು. ಅದು ಒಂದೇ ತಿಂಗಳಲ್ಲಿ ಒಣಗಿಹೋಗಿ, ಅವಳು ನನ್ನನ್ನು ಬಹಳ ದಿನ ವಿಚಿತ್ರವಾಗಿ ನೋಡುತ್ತಿದ್ದಳು. ಹೀಗಿರುವಾಗ ಬಿಳಲು ಬಿಟ್ಟಂತೆ ಕಾಣುವ ಮರ ಹಿತ್ತಲಲ್ಲೇ ಸಿಕ್ಕರೆ ನಲ್ಲಿ ಸೋರಿದರೇನು, ಗೋಡೆ ಬೆವರಿದರೇನು? ಮನೆ ಅಲ್ಲೇ ನಿಶ್ಚಯವಾಯಿತು.

ಸುದ್ದಿ ಹರಡಲು ತಡವಾಗಲಿಲ್ಲ. ಮುಂದಿನ ಜೂನಿನಲ್ಲಿ ವೆಂಬ್ಲಿಯಿಂದ, ಎಜ್‌ವೇರ್‌ನಿಂದ, ಎಲ್ಲೆಲ್ಲಿಂದಲೋ ನಮ್ಮ ಕಡೆಯ ಹೆಣ್ಣುಮಕ್ಕಳು ಜರಿಸೀರೆಯ ಮೇಲೆ ಕಾರ್ಡಿಗನ್ ತೊಟ್ಟು, ಹರಿವಾಣದಲ್ಲಿ ಮಾವಿನಹಣ್ಣು ಇಟ್ಟುಕೊಂಡು ಬಂದರು. ಹಳ್ಳದ ಬದಿಗೆ ಕಾಲು ಜಾರದಂತೆ ಒಬ್ಬರ ಸೆರಗು ಒಬ್ಬರು ಹಿಡಿದು ಮರ ಸುತ್ತುತ್ತಿದ್ದರು. ಗಂಡಂದಿರಾದ ನಾವು ಒಳಗೆ ಟೀವಿಯಲ್ಲಿ ಕ್ರಿಕೆಟ್ ನೋಡುತ್ತ, ಅವರು ಮಾಡಿದ ಹೋಳಿಗೆ ತಿನ್ನುತ್ತ, ಅವರನ್ನೇ ಹಾಸ್ಯ ಮಾಡುತ್ತ ಕೂತಿರುತ್ತಿದ್ದೆವು. ಈ ಹಾಸ್ಯದಲ್ಲಿ ನನಗೆ ಸರಿಸಾಟಿ ಎಂದರೆ ವೆಂಬ್ಲಿಯ ದೇಶಪಾಂಡೆ. ಬ್ಯಾಂಕಿನಲ್ಲಿರುವ ಮನುಷ್ಯ, ನನ್ನ ಬಾಲ್ಯದ ಗೆಳೆಯ. “ನಮ್ಮ ಪಾಲಿಸಿ ಎಲ್ಲಾ ಒಂದ ಗಿಡದ ಮ್ಯಾಲೆ ಅವಲೇ ಕುಲಕರ್ಣಿ. ಸಿಡ್ಲು ಬಡದ್ರ ಲಂಡನ್ನಿನಾಗಿನ ಅರ್ಧ ಧಾರವಾಡ ಖಾಲಿ!” ಎನ್ನುತ್ತಿದ್ದ. ನಾವು ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದೆವು. ಕಿಟಕಿಯ ಆಚೆ ಶಾಂತಾ ಕಣ್ಣುಮುಚ್ಚಿ ಕೈಮುಗಿದು ನಿಂತಿರುತ್ತಿದ್ದಳು. ನಮ್ಮ ನಗು ಅವಳಿಗೆ ಕೇಳಿಸುತ್ತಿತ್ತು.

ಇಷ್ಟರಲ್ಲಿ ಮರ ಬೆಳೆಯಿತು. ಪಕ್ಕದ ಮನೆಯ ರೊನಾಲ್ಡ್ ಎಂಬ ಮುದುಕ ನಿವೃತ್ತನಾದ ಮೇಲೆ ಗಾಜಿನ ಗೂಡಿನಲ್ಲಿ ಟೊಮೆಟೊ ಬೆಳೆಸುವ ಹಠ ಹಿಡಿದಿದ್ದ. ಸಿಕ್ಕಾಗಲೆಲ್ಲ ಬೇಲಿಯ ಮೇಲಿಂದ ಹವಾಮಾನದ ವಿಷಯ ಮಾತಾಡಿ, ಕೊನೆಗೆ “ನಿಮ್ಮ ವಿಲ್ಲೋ ಎಷ್ಟು ಸೊಂಪಾಗಿ ಬೆಳೆದಿದೆ” ಎಂದು ಹೇಳಿ ಹೋಗುತ್ತಿದ್ದ. ನಾನು ಪ್ರತಿ ಸಲವೂ ನನ್ನನ್ನೇ ಹೊಗಳಿದಂತೆ ನಾಚಿ ಥ್ಯಾಂಕ್ಸ್ ಹೇಳುತ್ತಿದ್ದೆ. ಅದು ಹೊಗಳಿಕೆಯಲ್ಲ, ತಕರಾರು ಎಂದು ನನಗೆ ವಿವರಿಸಿದವಳು ಇಲ್ಲೇ ಹುಟ್ಟಿ ಬೆಳೆದ ನನ್ನ ಮಗಳು. ಕನ್ನಡ ಅರ್ಥವಾದರೂ ಇಂಗ್ಲಿಷಿನಲ್ಲೇ ಉತ್ತರ ಕೊಡುವ ಹುಡುಗಿ. “ಡ್ಯಾಡ್, ಹೀ ಈಸ್ ಫ್ಯೂರಿಯಸ್!” ಎಂದಳು. ಬೇಲಿಯಾಚೆ ನೋಡಿದೆ. ಟೊಮೆಟೊಗಳೆಲ್ಲ ನಮ್ಮ ಮರದ ನೆರಳಲ್ಲಿ ಹಸಿರಾಗಿಯೇ ಮುದಿಯಾಗಿದ್ದವು. ಆಮೇಲೆ ಒಂದು ವಿಷಯ ಗಮನಕ್ಕೆ ಬಂತು. ಮರ ಅಗಲವಾಗಿ ಹರಡಿದ್ದರೂ ತುದಿಯಲ್ಲಿ ಅಲ್ಲಲ್ಲಿ ಎಲೆ ಉದುರಿ ರೆಂಬೆಗಳು ಬೋಳಾಗಿದ್ದವು. ಒಂದು ಒಣಕೊಂಬೆ ಮುರಿದು ಹಳ್ಳಕ್ಕೆ ಅಡ್ಡ ಬಿದ್ದು ನೀರು ನಮ್ಮ ಹುಲ್ಲಿನ ಮೇಲೆ ಬಂತು. ಇನ್ನು ಸುಮ್ಮನಿದ್ದರೆ ನಡೆಯದು ಎನ್ನಿಸಿತು.

ಮೊದಲು ಗಂಡಸಿನ ಹಾಗೆ ನಾನೇ ಕೈಹಾಕಿದೆ. ಒಂದು ಗರಗಸ ತಂದು, ಏಣಿ ಇಟ್ಟು ಹತ್ತಿದೆ. ದಂಡೆಯ ಕೆಸರಿನಲ್ಲಿ ಏಣಿಯ ಒಂದು ಕಾಲು ನಿಧಾನವಾಗಿ ಇಳಿಯತೊಡಗಿತು. ನಾನು ಎಷ್ಟು ಮೇಲೆ ಹತ್ತುತ್ತಿದ್ದೆನೋ ಏಣಿ ಅಷ್ಟೇ ಕೆಳಗೆ ಹೋಗುತ್ತಿದ್ದದ್ದರಿಂದ ಸ್ವಲ್ಪ ಹೊತ್ತು ಎಲ್ಲಿದ್ದೆನೋ ಅಲ್ಲೇ ಇದ್ದೆ. ಆಮೇಲೆ ಗರಗಸ ಹಳ್ಳಕ್ಕೆ ಬಿತ್ತು, ಬಾತುಕೋಳಿಗಳು ಬೈದವು, ನಾನು ಕೊಂಬೆ ತಬ್ಬಿಕೊಂಡು ಮಗಳನ್ನು ಕೂಗಿದೆ. ಬಂದದ್ದು ಮಾತ್ರ ಶಾಂತಾ. ನನ್ನನ್ನು ಇಳಿಸಿಕೊಂಡವಳು ಬೈಯಲಿಲ್ಲ, ಅತ್ತಳು. “ಎದಿ ಕೊಯ್ದು ಹೊಲದದ್ದು ಮರತ್ರೇನು? ನಿಮಗೇನರೆ ಆದ್ರ ನಾ ಏನ್ಮಾಡ್ಲಿ?” ಎಂದಳು. ಹೇಳುವುದು ಮರೆತೆ, ಅದಕ್ಕೆ ಕೆಲವು ವರ್ಷ ಮೊದಲು ನನಗೆ ಎದೆನೋವು ಬಂದು ಬೈಪಾಸ್ ಆಗಿತ್ತು. ನಾನು ಅದನ್ನು ಮರೆತದ್ದು ಸಹಜ, ಏಕೆಂದರೆ ಆಗ ನನಗೆ ಮೈಮೇಲೆ ಎಚ್ಚರವಿರಲಿಲ್ಲ. ಎಚ್ಚರವಾಗಿ ಕೂತದ್ದೆಲ್ಲ ಅವಳು.

ಹೀಗಾಗಿ ಮರ ಕತ್ತರಿಸುವ ಪರಿಣತನನ್ನು ಕರೆಸುವುದೆಂದಾಯಿತು. ಇಲ್ಲಿ ಆ ಕೆಲಸದವರಿಗೆ ಟ್ರೀ ಸರ್ಜನ್ ಎನ್ನುತ್ತಾರೆ. ಮೊದಲು ಬಂದವನು ಮರದ ಕೆಳಗೆ ನಿಂತು, ಮೇಲೆ ನೋಡಿ, ಹಲ್ಲಿನ ಸಂದಿಯಿಂದ ಉಸಿರು ಒಳಗೆಳೆದುಕೊಂಡು, ತಲೆ ಅಲ್ಲಾಡಿಸಿದ. ಈ ದೇಶದಲ್ಲಿ ನಲ್ಲಿಯವನಾಗಲಿ ಕಾರಿನವನಾಗಲಿ ಹಾಗೆ ಉಸಿರೆಳೆದರೆ ನಮ್ಮ ಕಥೆ ಮುಗಿದಂತೆಯೇ. ನನ್ನ ಹೃದಯದ ಡಾಕ್ಟರು ಕೂಡ ಅಷ್ಟು ಗಾಬರಿ ಹುಟ್ಟಿಸಿರಲಿಲ್ಲ. ಅವನು ಬೇಡವೆಂದು, ರೊನಾಲ್ಡ್ ಬಹಳ ಉತ್ಸಾಹದಿಂದ ಸೂಚಿಸಿದ ಕೀತ್ ಎಂಬವನನ್ನು ಗೊತ್ತು ಮಾಡಿದೆ. ಕೀತ್ ದೊಡ್ಡ ಆಳು, ಮೃದು ಮಾತು. ಕೌನ್ಸಿಲ್‌ನಲ್ಲಿ, ಅಂದರೆ ಇಲ್ಲಿಯ ಪುರಸಭೆಯಲ್ಲಿ, ವಿಚಾರಿಸಿ, ಈ ಮರ ಸಂರಕ್ಷಿತ ಮರಗಳಲ್ಲಿ ಸೇರಿಲ್ಲ, ಕತ್ತರಿಸಲು ಅಡ್ಡಿಯಿಲ್ಲ ಎಂದು ತಿಳಿದುಕೊಂಡು ಬಂದ. ನಾನು ಅದನ್ನು ಶಾಂತಾಗೆ ಹೇಳಿದೆ. “ಸಂರಕ್ಷಣಾ ಇಲ್ಲಂದ್ರ ಏನ್ರೀ? ವರ್ಷಾ ಇಷ್ಟು ಮಂದಿ ಮುತ್ತೈದೇರು ಸುತ್ತತಾರ!” ಎಂದು ಅವಳು ಕೌನ್ಸಿಲ್ ಮೇಲೆಯೇ ಸಿಟ್ಟಾದಳು. ಕೊನೆಗೆ ಒಪ್ಪಿಕೊಂಡಳು, ಒಂದು ಷರತ್ತಿನ ಮೇಲೆ. “ಮ್ಯಾಲಿಂದು ಬೇಕಾದ್ದು ಕತ್ತರಸ್ಲಿ, ಕ್ಷೌರಾ ಮಾಡಿಸಿದಂಗ ಅಂತ ತಿಳಕೋತೀನಿ. ಬುಡಕ್ಕ ಮಾತ್ರ ಯಾರೂ ಕೈ ಹಚ್ಚಬಾರದು.” ಯಾಕೆ ಎಂದು ಕೇಳಿದರೆ, “ಯಾಕಂದ್ರ ಯಾಕ? ಹಚ್ಚಬಾರದು” ಎಂದು ಕುಕ್ಕರ್ ಒಲೆಗೆ ಏರಿಸಿದಳು.

ಚಳಿಗಾಲದಲ್ಲಿ, ಹಕ್ಕಿಗಳು ಗೂಡು ಕಟ್ಟುವ ಮೊದಲೇ ಕೆಲಸ ಮುಗಿಸಬೇಕೆಂದು ಕೀತ್ ಫೆಬ್ರುವರಿಯ ಒಂದು ಶನಿವಾರ ಗೊತ್ತು ಮಾಡಿದ. ಹಿಂದಿನ ದಿನ ದೇಶಪಾಂಡೆಯ ಫೋನು. ಹವೆ ಹೇಗಿದೆ, ಮಗಳ ಪರೀಕ್ಷೆ ಹೇಗಾಯಿತು ಎಂದೆಲ್ಲ ಕೇಳಿ, ರೊನಾಲ್ಡ್‌ನ ಹಾಗೆ ಕೊನೆಯಲ್ಲಿ ವಿಷಯಕ್ಕೆ ಬಂದ. “ಅಲ್ಲೋ ಕುಲಕರ್ಣಿ, ಪೂರಾ ಕಡಸ್ತೀ ಏನು? ನಮ್ಮಕಿದೂ ದಾರಾ ಅದ ಅಲ್ಲಿ. ಸುಮ್ಮ ಕೇಳಿದೆ ಮತ್ತ.” ಮರುದಿನ ಬೆಳಿಗ್ಗೆ ಬಾಗಿಲು ತೆರೆದರೆ ಅವನೇ ನಿಂತಿದ್ದ. ಯಾರನ್ನೋ ಏರ್‌ಪೋರ್ಟಿಗೆ ಬಿಡಲು ಬಂದಿದ್ದನಂತೆ, ಹಾಗೇ ದಾರಿಯಲ್ಲಿ ಇಳಿದನಂತೆ. ಯಾರನ್ನು ಎಂದು ನಾನು ಕೇಳಲಿಲ್ಲ. ಇಬ್ಬರೂ ಚಹಾದ ಕಪ್ಪು ಹಿಡಿದು ಹಿತ್ತಲಿನಲ್ಲಿ ನಿಂತೆವು. ಅವನು ಈ ಸಲ ಪಾಲಿಸಿಯ ಮಾತು ಎತ್ತಲಿಲ್ಲ.

ಕೀತ್ ಸೊಂಟಕ್ಕೆ ಹಗ್ಗ ಬಿಗಿದುಕೊಂಡು ಮೇಲೆ ಹೋದ. ಯಂತ್ರದ ಗರಗಸ ಗುರ್ ಎಂದಿತು. ಕೊಂಬೆಗಳು ಒಂದೊಂದೇ ಹಗ್ಗದಲ್ಲಿ ತೂಗಿಕೊಂಡು ಇಳಿದವು. ರೊನಾಲ್ಡ್ ಬೇಲಿಯಾಚೆ ಕುರ್ಚಿ ಹಾಕಿಕೊಂಡು, ಬಿಸಿಲು ಬಿದ್ದ ತನ್ನ ಗಾಜಿನ ಗೂಡನ್ನು ಹೊಸ ಮದುಮಗಳನ್ನು ನೋಡುವಂತೆ ನೋಡುತ್ತ ಕೂತ. ಎಲ್ಲವೂ ಸರಾಗವಾಗಿ ಮುಗಿದು, ಕೀತ್ ಕೆಳಗಿಳಿದು, ತುದಿಯ ರೆಂಬೆಗಳು ಯಾಕೆ ಒಣಗಿವೆ ಎಂದು ನೋಡಲು ಬುಡದ ಐವಿ ಬಳ್ಳಿಯನ್ನು ಕಿತ್ತು ಸರಿಸಿದ. ಶಾಂತಾಳ ಷರತ್ತನ್ನು ಅವನಿಗೆ ಹೇಳಲು ನಾನು ಮರೆತಿದ್ದೆ. ಅಲ್ಲೇ ನಿಂತುಬಿಟ್ಟ. ನಮ್ಮನ್ನು ಕರೆದ. ಎದೆಯ ಎತ್ತರದಲ್ಲಿ, ಹೆಣ್ಣುಮಕ್ಕಳ ಹತ್ತಿಯ ದಾರಗಳೆಲ್ಲ ಕೊಳೆತು ಬೂದಿಯಂತಾಗಿದ್ದವು. ಅವುಗಳ ಕೆಳಗೆ ಬಿಳಿಯ ನೈಲಾನ್ ಹುರಿಯೊಂದು ಸುತ್ತುಸುತ್ತಾಗಿ ಬಿಗಿದಿತ್ತು. ಅದರ ಎರಡೂ ಕಡೆ ತೊಗಟೆ ಉಬ್ಬಿ, ಅರ್ಧ ಹುರಿ ಮರದೊಳಗೇ ಹೂತುಹೋಗಿತ್ತು. “ಇದು ಮರದ ಕುತ್ತಿಗೆ ಹಿಸುಕುತ್ತಿದೆ. ಇದನ್ನು ಕತ್ತರಿಸದಿದ್ದರೆ ನಾನು ಮೇಲೆ ಮಾಡಿದ್ದೆಲ್ಲ ವ್ಯರ್ಥ. ಇನ್ನೆರಡು ವರ್ಷ ಬದುಕಿದರೆ ಹೆಚ್ಚು” ಎಂದ ಕೀತ್.

ನನಗೆ ಹುರಿಯ ಗುರುತು ಸಿಕ್ಕಿತು. ನಮ್ಮ ಸರಕು ಶೆಡ್ಡಿನಲ್ಲಿ ಪೆಟ್ಟಿಗೆಗಳನ್ನು ಬಿಗಿಯುವ ಹುರಿ. ಉಳಿದ ತುಂಡುಗಳನ್ನು ಎಸೆಯುತ್ತಿದ್ದರು, ನಾನು ಮನೆಗೆ ತರುತ್ತಿದ್ದೆ. ಊರಿಗೆ ಹೋಗುವಾಗ ಸೂಟ್‌ಕೇಸಿಗೆ ಬಿಗಿಯಲೆಂದು. ಗಂಟೂ ನನ್ನದೇ. ಎಳೆದಷ್ಟೂ ಬಿಗಿಯಾಗುವ, ಎಂದೂ ಸಡಿಲವಾಗದ ಆ ಗಂಟನ್ನು ಅಡುಗೆಮನೆಯಲ್ಲಿ ಕೂತು ಶಾಂತಾಗೆ ಕಲಿಸಿದವನೂ ನಾನೇ. ಕಲಿತದ್ದಕ್ಕೆ ಅವಳನ್ನು ಮೆಚ್ಚಿಕೊಂಡೂ ಇದ್ದೆ. ತಿರುಗಿ ನೋಡಿದರೆ ಅವಳು ಹಿತ್ತಲ ಬಾಗಿಲಲ್ಲಿ ನಿಂತಿದ್ದಳು, ಮುಖ ಬಿಳಿಚಿಕೊಂಡಿತ್ತು.

“ಶಾಂತಾ, ಇದೇನು?” ಎಂದೆ.

“ನನ್ನ ದಾರಾ” ಎಂದಳು.

“ಇದು ದಾರ ಅಲ್ಲಲೇ, ವಿಮಾನಕ್ಕ ಕಟ್ಟೂ ಹುರಿ!”

“ಗೊತ್ತದ” ಎಂದಳು. ಹಳ್ಳದ ಕಡೆ ನೋಡುತ್ತ ಹೇಳಿದಳು. “ನಿಮಗ ಎದಿನೋವು ಬಂತಲ್ಲ, ಅದರ ಹಿಂದಿನ ದಿನ ನಾ ಇಲ್ಲಿ ಬಂದಿದ್ದೆ. ಆ ವರ್ಷ ಮಳಿ ಭಾಳ ಇತ್ತು. ನನ್ನ ಹತ್ತಿ ದಾರಾ ಕೊಳತು, ಹರದು, ನೀರಾಗ ತೇಲಿಕೊಂಡು ಹೊಂಟಿತ್ತು. ನಾಳಿಗೆ ಬ್ಯಾರೆ ಕಟ್ಟಿದ್ರಾತು ಅಂತ ಒಳಗ ಹೋದೆ. ಮರುದಿನ ನಿಮ್ಮನ್ನ ಆಂಬುಲೆನ್ಸ್‌ನಾಗ ಒಯ್ದರು. ಈ ದೇಶದ ಮಳಿಗೆ ಹತ್ತಿ ಎಲ್ಲಿ ತಡೀತದ್ರೀ? ಅದಕ್ಕ ಮುಂದಿನ ಹುಣ್ಣಿವಿಗೆ, ಉಳಿದವರು ಬರೂದ್ರಾಗ ಇದನ್ನ ಕಟ್ಟಿಬಿಟ್ಟೆ. ಕೊಳಿಯೂದಿಲ್ಲ, ಹರಿಯೂದಿಲ್ಲ.”

ನನಗೆ ನಗು ಬರಬೇಕಿತ್ತು. ಎಷ್ಟು ವರ್ಷಗಳ ಅಭ್ಯಾಸ! ಬರಲಿಲ್ಲ. ನಾನು ಆಸ್ಪತ್ರೆಯಲ್ಲಿ ಮಲಗಿ ನರ್ಸುಗಳ ಜತೆ ಚೇಷ್ಟೆ ಮಾಡುತ್ತಿದ್ದಾಗ, ಇವಳು ನನ್ನ ಎದೆನೋವಿಗೆ ತಾನೇ ಕಾರಣ ಎಂದುಕೊಂಡು ಹಾಸಿಗೆಯ ಪಕ್ಕ ಕೂತಿದ್ದಳು ಎಂಬುದು ಆ ಹಿತ್ತಲಿನಲ್ಲಿ ನನಗೆ ಮೊದಲ ಸಲ ತಿಳಿಯಿತು. ನನ್ನ ಉಪ್ಪಿಟ್ಟಿನ ಎಣ್ಣೆ, ನನ್ನ ಸಿಗರೇಟು, ನನ್ನ ರಾತ್ರಿಪಾಳಿ, ಇವುಗಳ ಮೇಲೆ ಡಾಕ್ಟರು ಹೊರಿಸಿದ ತಪ್ಪನ್ನೆಲ್ಲ ಅವಳು ಒಂದು ಎಳೆ ಹತ್ತಿಯ ಪರವಾಗಿ ತಲೆಯ ಮೇಲೆ ಹೊತ್ತುಕೊಂಡಿದ್ದಳು.

ಆದರೆ ಹುರಿಯನ್ನು ಕತ್ತರಿಸಲು ಅವಳು ಸುತರಾಂ ಒಪ್ಪಲಿಲ್ಲ. ಗಿಡ ಸತ್ತರೆ ಸಾಯಲಿ, ಹುರಿ ಕತ್ತರಿಸುವಂತಿಲ್ಲ. ಗಿಡವೇ ಸತ್ತರೆ ದಾರಕ್ಕೇನು ಅರ್ಥ ಎಂದು ನಾನು. ಅದು ಸಾಯುವ ತನಕ ಆದರೂ ಇರುತ್ತದಲ್ಲ ಎಂದು ಅವಳು. ನಮ್ಮ ಮಾತು ಏರುತ್ತ ಹೋಯಿತು. ಕೀತ್ ದೊಡ್ಡ ಕತ್ತರಿ ಹಿಡಿದು, ಗಂಡಹೆಂಡಿರು ಬೇರೆಯಾಗುತ್ತಿರುವುದಕ್ಕೆ ಸಾಕ್ಷಿಯಾದವನಂತೆ ಬೂಟಿನ ತುದಿಯನ್ನೇ ನೋಡುತ್ತ ನಿಂತ. ಬೇಕಾದರೆ ತಾನು ಇನ್ನೊಂದು ದಿನ ಬರುತ್ತೇನೆ ಎಂದು ಮೆಲ್ಲಗೆ ಹೇಳಿದ. ಕೊನೆಗೆ ನಾನು ವಾದ ನಿಲ್ಲಿಸಿ, “ಕತ್ತರಿಸಿಬಿಡು ಕೀತ್” ಎನ್ನುವುದೊಂದೇ ಉಳಿದಿತ್ತು. ಮನೆ ನನ್ನದು, ಮರ ನನ್ನದು, ಆಯುಷ್ಯವೂ ನನ್ನದೇ. ಹೇಳಲು ಬಾಯಿ ತೆರೆದೆ. ಕೀತ್ ನನ್ನ ಮುಖ ನೋಡಿಯೇ ತಿಳಿದುಕೊಂಡು ಕತ್ತರಿಯನ್ನು ಹುರಿಗೆ ತಾಗಿಸಿದ. ಆಗ ನನ್ನ ಬಲಗೈ ನನ್ನನ್ನು ಕೇಳದೆ ಎದೆಯ ಹೊಲಿಗೆಯ ಮೇಲೆ ಹೋಗಿ ಕೂತಿತು. “ಒಂದು ನಿಮಿಷ ಇರು” ಎಂದು ಕೂಗಿದವನು ನಾನೇ.

ಶಾಂತಾ ನನ್ನ ಕೈಯನ್ನು ನೋಡಿದಳು. ದೇಶಪಾಂಡೆಯೂ ನೋಡಿದ. ಮಾನ ಉಳಿಸಿಕೊಳ್ಳಲು ಏನಾದರೂ ಹೇಳಬೇಕಿತ್ತು. ಹೊಳೆದದ್ದು ಜನಿವಾರ. “ಅಲ್ಲ ಶಾಂತಾ, ಜನಿವಾರ ಹಳೇದಾದ್ರ ನಾವು ಏನ ಮಾಡ್ತೀವಿ? ಹಳೇದು ತಗದು ಬರಿಮೈಲೆ ಕೂಡ್ತೀವೇನು? ಮೊದಲ ಹೊಸಾದು ಹಾಕ್ಕೋತೀವಿ, ಆಮ್ಯಾಲೆ ಹಳೇದು ತಗೀತೀವಿ. ನಡುವ ಒಂದು ಗಳಿಗಿನೂ ಬಿಡೂದಿಲ್ಲ. ಹಂಗ ನೀನೂ ಮೊದಲ ಹೊಸಾ ಹತ್ತಿ ದಾರಾ ಕಟ್ಟು. ಕಟ್ಟಿದ ಮ್ಯಾಲೆ ಅವ ಹುರಿ ಕತ್ತರಸ್ಲಿ.”

ಅವಳು ಯೋಚಿಸಿದಳು. “ಇವತ್ತ ಹುಣ್ಣಿವಿ ಅಲ್ಲಲ್ಲ” ಎಂದಳು.

“ಜನಿವಾರ ಹರದ್ರ ಹುಣ್ಣಿವಿ ತನಕಾ ಕಾಯ್ತೀವೇನು?”

ಇದು ಅವಳಿಗೆ ಹಿಡಿಸಿತು. ಮುಖದಲ್ಲಿ ಬಣ್ಣ ಮರಳಿತು. ಒಳಗೆ ಹೋಗಲು ತಿರುಗಿದವಳು ನಿಂತು, “ಜನಿವಾರದ ಮಾತು ಬಂತು ಅಂತ ಕೇಳ್ತೀನಿ, ನಿಮ್ಮದು ಎಲ್ಲೆ ಅದ?” ಎಂದಳು. ದೇಶಪಾಂಡೆ ಆಕಾಶ ನೋಡಿದ. ನನ್ನ ಜನಿವಾರ ಆಪರೇಷನ್ನಿನ ದಿನ ನರ್ಸು ತೆಗೆಯಲು ಹೇಳಿದಾಗ ತೆಗೆದದ್ದು, ಅಲ್ಲಿಯೇ ಯಾವುದೋ ಬಟ್ಟಲಿನಲ್ಲಿ ಉಳಿದು, ಮತ್ತೆ ಮೈಗೆ ಬಂದಿರಲಿಲ್ಲ. ಶರ್ಟಿನ ಒಳಗಿನ ವಿಷಯ, ಯಾರಿಗೆ ಗೊತ್ತಾಗುತ್ತದೆ ಎಂದುಕೊಂಡಿದ್ದೆ. ಅಂಗಿಗಳನ್ನು ತೊಳೆಯುವವಳು ಅವಳು ಎಂಬುದನ್ನು ಮರೆತಿದ್ದೆ. “ನಿಮ್ಮದೊಂದು ಮೊದಲ ಆಗ್ಲಿ. ನಿಮ್ಮ ಮೈಮ್ಯಾಲೆ ದಾರಾ ಬಂದ ಮ್ಯಾಲೆ ನನ್ನ ದಾರಾ ಕಡೀಲಿಕ್ಕೆ ಕೊಡ್ತೀನಿ” ಎಂದಳು. ದೇವರ ಪೆಟ್ಟಿಗೆಯಲ್ಲಿ ನನ್ನ ಹೆಸರಿನ ಹೊಸ ಜನಿವಾರ ಸಿದ್ಧವಾಗಿಯೇ ಇತ್ತು. ಎಂದಿನಿಂದಲೋ.

ಮುಂದಿನದನ್ನು ಹೇಳಲು ನನಗೆ ಸ್ವಲ್ಪ ಸಂಕೋಚ. ಫೆಬ್ರುವರಿಯ ಚಳಿಯಲ್ಲಿ, ಹಿತ್ತಲಿನ ನಲ್ಲಿಯಲ್ಲಿ ಕೈಕಾಲು ತೊಳೆದು, ಶರ್ಟು, ಸ್ವೆಟರು, ಒಳಗಿನ ಬನಿಯನ್ನು ಎಲ್ಲ ಕಳಚಿ ನಾನು ಪೂರ್ವಕ್ಕೆ ತಿರುಗಿ ನಿಂತೆ. ಪೂರ್ವದಲ್ಲಿ ರೊನಾಲ್ಡ್ ಇದ್ದ. ಮಂತ್ರ ನನಗೆ ಅರ್ಧ ನೆನಪಿತ್ತು, ಉಳಿದರ್ಧವನ್ನು ದೇಶಪಾಂಡೆ ಗಡಗಡ ಒಪ್ಪಿಸಿದ. ಆ ನಾಸ್ತಿಕನ ಬಾಯಲ್ಲಿ ಅಷ್ಟು ಶುದ್ಧ ಸ್ವರ ಕೇಳಿ ನಾನು ನಡುಗುವುದನ್ನೇ ಮರೆತೆ. ಮಗಳು ಕಿಟಕಿಯಿಂದ ನೋಡಿ, “ಓ ಮೈ ಗಾಡ್” ಎಂದು ಪರದೆ ಎಳೆದುಕೊಂಡಳು. ಶಾಂತಾ ಅರಿಷಿಣ ಹಚ್ಚಿದ ಹತ್ತಿಯ ದಾರ ಹಿಡಿದು ಮರ ಸುತ್ತಿದಳು, ಈ ಸಲ ಸಡಿಲವಾಗಿ. ಜಾರದಂತೆ ಅವಳ ಸೆರಗು ಹಿಡಿಯಲು ಬೇರೆ ಹೆಂಗಸರಿರಲಿಲ್ಲ. ನಾನೇ ಹಿಡಿದುಕೊಂಡು ಹಿಂದೆ ಸುತ್ತಿದೆ. ಹಾಗೆ ಸುತ್ತುವಾಗ ನಾನೂ ಅವಳ ಆಯುಷ್ಯಕ್ಕಾಗಿ ಏನೋ ಒಂದು ಬೇಡಿಕೊಂಡೆ. ಗಂಡಂದಿರಿಗೆ ಆ ವ್ರತ ಇಲ್ಲ ಎಂದು ಗೊತ್ತು, ಆದರೂ ಬೇಡಿಕೊಂಡೆ. ಆಮೇಲೆ ಕೀತ್‌ಗೆ ತಲೆಯಾಡಿಸಿದೆವು. ಅವನು ಕತ್ತರಿ ಒತ್ತಿದ. ಟಪ್ ಎಂದಿತು. ದೇಶಪಾಂಡೆ ಕಣ್ಣು ಮುಚ್ಚಿಕೊಂಡಿದ್ದ. ನಾವೆಲ್ಲ ಬದುಕಿದ್ದೆವು.

ಮರ ಉಳಿಯಿತು. ಮುಂದಿನ ವಸಂತದಲ್ಲಿ ಅದು ಚಿಗುರಿದ ರೀತಿ ನೋಡಿ ರೊನಾಲ್ಡ್ ಮತ್ತೆ ಹವಾಮಾನದ ಮಾತು ಆರಂಭಿಸಿದ್ದಾನೆ. ಶಾಂತಾ ಈಗ ಗೆಲುವಾಗಿದ್ದಾಳೆ. ಜೂನಿನಲ್ಲಿ ಬರುವ ಗೆಳತಿಯರಿಗೆಲ್ಲ, ಹತ್ತಿ ದಾರ ಕೊಳೆಯುವುದೇ ಸರಿ, ಗಿಡಕ್ಕೂ ಉಸಿರಾಡಲು ಬೇಕಲ್ಲ ಎಂದು ಬೋಧಿಸುತ್ತಾಳೆ. ಹಳೆಯ ಹೆದರಿಕೆ ಅವಳನ್ನು ಬಿಟ್ಟುಹೋಯಿತು. ಸುಮ್ಮನೆ ಎಲ್ಲಿಗೋ ಹೋಗಲಿಲ್ಲ ಎಂಬುದಷ್ಟೇ ತೊಂದರೆ. ಈ ಊರಿನ ಮಳೆ ನಿಮಗೆ ಗೊತ್ತಲ್ಲ, ಬೆಳಿಗ್ಗೆ ಹಿಡಿದರೆ ಬಿಡುವ ಜಾತಿಯದಲ್ಲ. ಹೊರಗೆ ಹನಿ ಬೀಳುವ ಸದ್ದಾದರೆ ಸಾಕು, ನಾನು ಓದುತ್ತಿದ್ದ ಪೇಪರು ಮಡಿಚಿಟ್ಟು, ಕೊಡೆ ಬಿಚ್ಚಿ, ಬೂಟು ಹಾಕಿಕೊಂಡು ಹಿತ್ತಲಿಗೆ ಇಳಿಯುತ್ತೇನೆ. ಬೇಲಿಯಾಚೆಯಿಂದ ರೊನಾಲ್ಡ್ ನೋಡುತ್ತಾನೆ. ಅಡುಗೆಮನೆಯಿಂದ ಶಾಂತಾ, “ಇಷ್ಟು ಮಳಿಯಾಗ ಎಲ್ಲಿ ಹೊಂಟ್ರಿ?” ಎಂದು ಕೇಳುತ್ತಾಳೆ.

“ಗಿಡ ಹೆಂಗದ ನೋಡಿ ಬರ್ತೀನಿ” ಎನ್ನುತ್ತೇನೆ. ಜೇಬಿನಲ್ಲಿ ಒಂದು ಉಂಡೆ ಹತ್ತಿಯ ದಾರ ಇಟ್ಟುಕೊಂಡಿರುವುದನ್ನು ಅವಳಿಗೆ ನಾನೇಕೆ ಹೇಳಲಿ?